ಆಯಿ ಬಿಗಿದು ಸುತ್ತಿದ ಉಂಡೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಿದ್ದೇ ರಿಪೇರಿ ಮಾಲಾಗಿ. ಎದೆಗೂ ಹೊಟ್ಟೆಗೂ ನಡುವೆ ಪರದೆಯ ಹಾಗೆ ಒಂದು ಸ್ನಾಯು ಇರುತ್ತದೆ, ವಪೆ ಅಂತ. ನನ್ನದರಲ್ಲಿ ತೂತಿತ್ತು. ಕರುಳು ಆ ತೂತಿನಿಂದ ಮೇಲೆ ಹತ್ತಿ ಎದೆಯೊಳಗೆ ಬಿಡಾರ ಹೂಡಿತ್ತು. ಗೊತ್ತಾಗುವ ಹೊತ್ತಿಗೆ ನನಗೆ ಆರು ವರ್ಷ. ಎಂಬತ್ತರ ದಶಕದ ಮಾತು. ಬೆಳಗಾವಿಯ ದವಾಖಾನೆಯಲ್ಲಿ ಕರುಳನ್ನು ಕೆಳಗಿಳಿಸಿ ತೂತು ಹೊಲಿದರು. ನಾವು ಬನಹಟ್ಟಿಯ ನೇಕಾರರು. ಹರಿದದ್ದನ್ನು ಹೊಲಿದರು ಎಂದರೆ ನಮ್ಮ ಮನೆಯವರಿಗೆ ಹೆಚ್ಚು ಬಿಡಿಸಿ ಹೇಳುವುದು ಬೇಕಿರಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ಅಪ್ಪನನ್ನೂ, ಅಪ್ಪನ ತಾಯಿ ಆಯಿಯನ್ನೂ ಕೂರಿಸಿಕೊಂಡು ಹೇಳಿದರು: "ಹತ್ತಿದು ಸಣ್ಣ ಉಂಡಿ ಮಾಡಿ ಮೇಜಿನ ಮ್ಯಾಲ ಇಡ್ರಿ. ಹುಡುಗಿ ಮೂಗಿಲೆ ಉಸುರು ತಗೋಬೇಕು, ಹೊಟ್ಟಿ ಉಬ್ಬಬೇಕು, ಆಮ್ಯಾಲ ಬಾಯಿಲೆ ಸಾವಕಾಶ ಊದಿ ಉಂಡಿ ಆ ತುದಿಗೆ ಮುಟ್ಟಿಸಬೇಕು. ತಿಂಗಳ ಬಿಟ್ಟು ನನ್ನ ಮುಂದ ಊದಿ ತೋರಿಸಿದ್ರ ಸಾಲಿಗೆ ಕಳಸೂಣು."

ಸಾಲಿ! ಓಣಿಯ ನನ್ನ ವಯಸ್ಸಿನ ಹುಡುಗಿಯರೆಲ್ಲ ಆಗಲೇ ಪಾಟಿ ಹಿಡಿದು ಹೋಗುತ್ತಿದ್ದರು. ನಾನು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕೂತು ಅವರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ಉಂಡೆ ಮಾಡುವ ಕೆಲಸ ಆಯಿಯದು. ಇಲ್ಲೇ ಎಡವಟ್ಟಾದದ್ದು. ಮಗ್ಗದ ಮನೆಯಲ್ಲಿ ಬಿಡಿ ಹತ್ತಿ ಎಲ್ಲಿಂದ ಬರಬೇಕು? ನೂಲೂ ಹತ್ತಿಯದೇ ಅಂತ ಆಯಿ ನೂಲನ್ನೇ ಸುತ್ತಿದಳು. ಜೀವಮಾನವಿಡೀ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಬಿಗಿಯಾಗಿ ಸುತ್ತಿದ ಕೈ ಅದು, ಸಡಿಲ ಸುತ್ತುವುದು ಅದಕ್ಕೆ ಗೊತ್ತೇ ಇರಲಿಲ್ಲ. ನಿಂಬೆಹಣ್ಣಿನಷ್ಟು ಉಂಡೆ, ಒತ್ತಿದರೆ ಬೆರಳೇ ನೋಯಬೇಕು. ಸಾಲದ್ದಕ್ಕೆ ತಳವನ್ನು ತಟ್ಟಿ ಚಪ್ಪಟೆ ಮಾಡಿದಳು.

"ಯವ್ವಾ, ಅದ್ಯಾಕ?" ಅಂದ ಅಪ್ಪ.

"ಉರುಳಿ ಕೆಳಗ ಬಿದ್ದು ಹೊಲಸಾಗಬಾರ್ದಲ್ಲೋ!"

ಶುರುವಾಯಿತು ನೋಡಿ. ಮೇಜಿನ ಬದಲು ಹೊಲಿಗೆ ಮಷಿನ್ನಿನ ಮಡಚುವ ಹಲಗೆ; ಬೆಳಿಗ್ಗೆ, ಸಂಜೆ ಅದರ ಮುಂದೆ ನಾನು, ಎದುರಿಗೆ ಅಂಪೈರ್ ಥರ ಆಯಿ. ಹೊಟ್ಟೆಯೇನೋ ಚೆನ್ನಾಗಿ ಉಬ್ಬುತ್ತಿತ್ತು. ಊದಿದರೆ ಉಂಡೆ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

"ಊದ ಬೇ! ಉಂಡ ರೊಟ್ಟಿ ಎಲ್ಲಿ ಹೋತು?"

"ಊದಾಕತ್ತೇನಲ್ಲ ಆಯಿ!"

"ಬಿಸಿ ಚಾ ಆರ್ಸಾಕತ್ತಿಯೇನ? ಜೋರ ಊದ!"

ಒಂದು ಸಂಜೆ ಉಂಡೆ ಮೆಲ್ಲಗೆ ಜಾರಿತು. ನಾನು ಕುಣಿಯುವಷ್ಟರಲ್ಲಿ ಆಯಿ ಬಗ್ಗಿ ಹಲಗೆಯ ಕೆಳಗೆ ನೋಡಿದಳು. ಪಕ್ಕದಲ್ಲಿ ಕೂತಿದ್ದ ಅಪ್ಪ ಮೊಣಕಾಲಿನಿಂದ ಹಲಗೆ ಎತ್ತಿ ಓರೆ ಮಾಡಿದ್ದ.

"ನಾಚಿಕಿ ಬರೂದಿಲ್ಲೇನೋ? ಡಾಕ್ಟರ್ ಮುಂದೂ ಮೊಣಕಾಲ ಹಚ್ಚಾಂವೇನ?"

ಅಪ್ಪ ಎದ್ದು ಮಗ್ಗಕ್ಕೆ ಹೋದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಒಳಗಿನ ಹೊಲಿಗೆ ಬಿಚ್ಚಿಹೋಗಿದೆ ಅಂತ ಅವನ ಲೆಕ್ಕ. ನನ್ನ ಲೆಕ್ಕ ಒಂದೇ: ಸಾಲಿ ಇಲ್ಲ.

ತಿಂಗಳಾಯಿತು. ಮೂವರೂ ಬಸ್ಸು ಹತ್ತಿದೆವು. ದವಾಖಾನೆಯಲ್ಲಿ ಅಪ್ಪ ನೆಲ ನೋಡುತ್ತ, "ಒಂದ ಬೆರಳಷ್ಟೂ ಸರೀಲಿಲ್ರೀ ಸಾಹೇಬರ" ಅಂದ. ಆಯಿ ಸೆರಗಿನ ಗಂಟು ಬಿಚ್ಚಿ ಉಂಡೆಯನ್ನು ಮೇಜಿನ ಮೇಲಿಟ್ಟಳು. ಟಕ್ ಅಂತ ಸದ್ದಾಯಿತು.

ಡಾಕ್ಟರು ಅದನ್ನೇ ನೋಡಿದರು. ಆಮೇಲೆ ಬಗ್ಗಿ ತಾವೇ ಊದಿದರು. ಮುಖ ಕೆಂಪಾಯಿತು, ಕನ್ನಡಕ ಜಾರಿತು, ಉಂಡೆ ಜಪ್ಪಯ್ಯ ಅನ್ನಲಿಲ್ಲ.

"ಅಮ್ಮಾರ, ನಾ ಹೇಳಿದ್ದು ಉಸುರಿನ ಅಭ್ಯಾಸಾರೀ, ಗುಂಡಕಲ್ಲ ಎತ್ತೂದಲ್ಲ! ಹೊಲಿಗಿ ಹಾಕಿದ ಕೂಸು, ಹಿಂಗ ತಿಣುಕಬಾರ್ದು."

ನನ್ನ ಎದೆಗೆ ಕೊಳವೆ ಇಟ್ಟು ಕೇಳಿ, ತಲೆಯಾಡಿಸಿ, ಚೂರು ಹತ್ತಿ ಹಿಂಜಿ ಮೇಜಿನ ಮೇಲಿಟ್ಟರು. "ಈಗ ಊದವಾ. ಸಾವಕಾಶ."

ಮೂಗಿನಿಂದ ಎಳೆದುಕೊಂಡೆ, ಹೊಟ್ಟೆ ಉಬ್ಬಿತು, ಊದಿದೆ. ಹತ್ತಿ ಮೇಜು ದಾಟಿ ಡಾಕ್ಟರ ಅಂಗಿಗೆ ಅಂಟಿತು.

ಅಪ್ಪ ಡಾಕ್ಟರಿಗೆ ಎರಡೂ ಕೈ ಮುಗಿದ. ಆಯಿ ಮಾತ್ರ ಆ ಹತ್ತಿಯನ್ನು ತೆಗೆದು ಬೆರಳಲ್ಲಿ ಹಿಸುಕಿ, "ಇದಕ್ಕೂ ಉಂಡಿ ಅಂತಾರೇನ್ರೀ?" ಅಂದಳು.

ಸೋಮವಾರ ಸಾಲಿಗೆ ಹೋದೆ. ಮಾಸ್ತರರು ಹೆಸರು ಕೂಗಿದಾಗ ಹೊಟ್ಟೆ ತುಂಬ ಉಸಿರು ತಗೊಂಡು "ಹಾಜರ್ ರೀ!" ಅಂದೆ.

"ಇಲ್ಲೇ ಅದೀನವಾ," ಅಂದರು ಅವರು, ಕಿವಿ ಉಜ್ಜಿಕೊಳ್ಳುತ್ತ. "ಅಷ್ಟ ದೂರದ ಜಮಖಂಡಿಗ್ಯಾಕ ಕೇಳಿಸ್ತಿ?"