ಎಡಗಡೆಯ ಸ್ಪೀಕರ್

ಹಿಂದೂಪುರದಲ್ಲಿ ಗಾಡಿಗಳಿಗೆ ಸ್ಟೀರಿಯೋ ಕೂರಿಸುವವರೊಬ್ಬರಿದ್ದರು. ಯಾರು ಏನು ದೂರು ತಂದರೂ "ಮೊದ್ಲು ಕೇಳಾನ ಕಣಪ್ಪ" ಎಂದು ಗಾಡಿಯೊಳಗೆ ಕೂತು ಕಣ್ಣು ಮುಚ್ಚುತ್ತಿದ್ದರು. ಹಾಡು ಮುಗಿಯುವವರೆಗೆ ಅವರ ಹೆಬ್ಬೆರಳು ಮಾತ್ರ ಮೊಣಕಾಲಿನ ಮೇಲೆ ಆಡುತ್ತಿತ್ತು.

ಕಂಬದೂರಿನಿಂದ ಕಲ್ಯಾಣದುರ್ಗಕ್ಕೆ ಕುರಿ ಸಾಗಿಸುತ್ತಿದ್ದ ನನ್ನ ಭಾವ ತಮ್ಮ ಹಳೇ ಪಿಕಪ್‌ಗೆ ಹೊಸ ಸ್ಟೀರಿಯೋ ಹಾಕಿಸಲು ಅವರ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಎಲ್ಲ ಕೂರಿಸಿದ ಮೇಲೆ ಭಾವ, "ಎಡಗಡೇದು ಹಾಡ್ತಾನೇ ಇಲ್ವಲ್ಲ" ಎಂದರು. ನನಗೆ ಎರಡೂ ಕೇಳಿಸುತ್ತಿದ್ದವು. ಅಂಗಡಿಯವರು ವಾದಿಸಲಿಲ್ಲ. ವೈರು ಬದಲಿಸಿದರು, ಸ್ಪೀಕರನ್ನೇ ಬದಲಿಸಿದರು. ಭಾವನದು ಅದೇ ಮಾತು. ಕೊನೆಗೆ ಹಾಡು ನಿಲ್ಲಿಸಿ, ಭಾವನ ಎಡಗಿವಿಯ ಹತ್ತಿರ ಬಗ್ಗಿ, "ಅಣ್ಣಾ, ಟೀ ಕುಡೀತೀಯಾ?" ಎಂದು ಮೆಲ್ಲಗೆ ಕೇಳಿದರು. ಭಾವ ತಿರುಗಲಿಲ್ಲ.

ಬಲಗಡೆಗೆ ಬಂದು, "ಸ್ಪೀಕರ್ ಚೆನ್ನಾಗೈತೆ ಅಣ್ಣಾ. ಡಾಕ್ಟ್ರಿಗೆ ಕಿವಿ ತೋರಿಸ್ಕಂಡು ಬಾ" ಎಂದರು.

ಭಾವ ರೇಗಿದರು. "ಕಿವುಡ ಗಾಡಿ ಓಡಿಸ್ತಾನೆ ಅಂದ್ರೆ ನನ್ ಗಾಡಿಗೆ ಯಾರು ಕುರಿ ಏರಿಸ್ತಾರೆ?"

"ಅದಕ್ಕೇ ಹೇಳ್ತಿರೋದು. ಹಿಂದೆ ಲಾರಿ ಹಾರನ್ ಹೊಡುದ್ರೆ ಕೇಳಬೇಕಲ್ಲ."

ಭಾವ ಗಾಡಿ ತಿರುಗಿಸಿಕೊಂಡು ಹೊರಟುಬಿಟ್ಟರು. ಆದರೆ ಮರುವಾರ ಡಾಕ್ಟರ ಹತ್ತಿರ ಹೋದರು. ಕಿವಿಗೆ ಮಿಷನ್ ಹಾಕಿಸಿಕೊಂಡು ನನ್ನನ್ನೂ ಕರೆದುಕೊಂಡು ಮತ್ತೆ ಅದೇ ಅಂಗಡಿಗೆ ಬಂದರು. ಅಂಗಡಿಯವರು ಹಾಡು ಹಾಕಲಿಲ್ಲ, ಎಂಜಿನ್ ಚಾಲೂ ಮಾಡಿಸಿದರು. ಭಾವ ಕಿವಿಗೊಟ್ಟು ಕೇಳಿ ನನ್ನತ್ತ ತಿರುಗಿದರು.

"ಲೇ, ಈ ಎಡಗಡೆ ಬಾಗ್ಲು ಯಾವಾಗಿಂದ ಹಿಂಗೆ ಗಡಗಡ ಅಂತೈತೆ?"

ಅಷ್ಟರಲ್ಲಿ ಅಂಗಡಿಯವರು ಸ್ಕ್ರೂಡ್ರೈವರ್ ಹಿಡಿದು ಆ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು.