ಮುನಿಯಲ್ಲಪ್ಪ ತೋರಿಸಿದ ಮೈಸೂರು

ನಂಗಲಿಯ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಯಾರಾದರೂ ಮೈಸೂರಿನ ಮಾತೆತ್ತಿದರೆ ಮುಗಿಯಿತು, ಆಮೇಲೆ ಮುನಿಯಲ್ಲಪ್ಪನದೇ ದರ್ಬಾರು. ಅವನು ಟೂರಿಸ್ಟ್ ಬಸ್ಸಿನ ಡ್ರೈವರ್. ಇಪ್ಪತ್ತು ವರ್ಷದಿಂದ ಮುಳಬಾಗಿಲು ಸೀಮೆಯ ಜನರನ್ನು ಮೈಸೂರಿಗೆ ಕರೆದೊಯ್ದು ಕ್ಷೇಮವಾಗಿ ಕರೆತಂದವನು. ಚಾಮುಂಡಿ ಬೆಟ್ಟದ ನಂದಿ, ಮೃಗಾಲಯದ ಜಿರಾಫೆ, ಬೃಂದಾವನದ ಕುಣಿಯುವ ಕಾರಂಜಿ ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ. ಅರಮನೆಯ ವಿಷಯ ಬಂತೆಂದರೆ ಕೇಳುವವರು ಟೀ ಆರಿದರೂ ಮೇಲೇಳುತ್ತಿರಲಿಲ್ಲ. ಚಿನ್ನದ ಅಂಬಾರಿಯಂತೆ, ಬೆಳ್ಳಿಯ ಬಾಗಿಲಂತೆ, ಕಲ್ಯಾಣ ಮಂಟಪದ ತುಂಬ ಓಡಾಡುವ ನವಿಲುಗಳಂತೆ.

ನಿಜ ಹೇಳಬೇಕೆಂದರೆ ಪುಣ್ಯಾತ್ಮ ಅರಮನೆಯೊಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ರಾತ್ರಿಯೆಲ್ಲ ಬಸ್ ಓಡಿಸಿದವನು ಹಗಲು ಮಲಗದಿದ್ದರೆ ವಾಪಸ್ ಓಡಿಸುವುದು ಹೇಗೆ? ಜನ ಅರಮನೆಗೆ ಹೋದರೆ ಇವನು ಬಸ್ ನಿಲ್ಲಿಸಿದ ಮೈದಾನದಲ್ಲೇ ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಬಸ್ ಮತ್ತೆ ಹೊರಟಾಗ ಹಿಂದಿನ ಸೀಟುಗಳಿಂದ ಕಿವಿಗೆ ಬಿದ್ದದ್ದೇ ಅವನ ಬಂಡವಾಳ. ಹೊಸದಾಗಿ ಮದುವೆಯಾಗಿದ್ದಾಗ ಹೆಂಡತಿ ಎಲ್ಲಮ್ಮ ಕಣ್ಣರಳಿಸಿಕೊಂಡು "ಏನೇನ್ ನೋಡ್ದೆ?" ಎಂದು ಕೇಳಿದ್ದಳು. ಮೈದಾನ ನೋಡಿದೆ ಎನ್ನಲು ನಾಚಿಕೆಯಾಗಿ, ಕೇಳಿದ್ದನ್ನೇ ಕಂಡಂತೆ ಹೇಳಿದ. ಆಮೇಲೆ ಹೇಳುತ್ತಲೇ ಹೋದ. ಜಗಳವಾದಾಗಲೆಲ್ಲ ಅವಳದು ಒಂದೇ ಮಾತು: "ನೀನು ಅರಮನೆ ನೋಡ್ಕೊಂಡು ಬಾ. ನಾನಿಲ್ಲಿ ಹಸು ಬಾಲ ಹಿಡ್ಕೊಂಡಿರ್ತೀನಿ."

ಈ ವರ್ಷ ಅವಳ ಮಹಿಳಾ ಸಂಘದವರು ಮೈಸೂರಿಗೆ ಹೊರಟೇಬಿಟ್ಟರು, ಅದೂ ಇವನ ಬಸ್ಸಿನಲ್ಲೇ. ಗೈಡ್ ಬೇಕಲ್ಲವೇ ಎಂದು ಯಾರೋ ಕೇಳಿದರೆ ಎಲ್ಲಮ್ಮ, "ನಮ್ಮ ಯಜಮಾನ ಇದ್ದಾನಲ್ಲ, ಗೈಡ್ ಯಾಕೆ? ಅರಮನೆಯ ಮೂಲೆ ಮೂಲೆ ಗೊತ್ತು" ಎಂದು ಎದೆಯುಬ್ಬಿಸಿ ಹೇಳಿದಳು. ಮುನಿಯಲ್ಲಪ್ಪನ ಎದೆ ಮಾತ್ರ ಧಸಕ್ಕೆಂದಿತು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೂ ಬಣ್ಣಗೇಡು.

ದಾರಿಯುದ್ದಕ್ಕೂ ಹೆಂಗಸರ ಸಂಭ್ರಮವೇ ಸಂಭ್ರಮ. ಒಂದು ಹಾಡು ಮುಗಿಯುವುದರೊಳಗೆ ಇನ್ನೊಂದು ಶುರು. ವಯಸ್ಸಾದ ಮುತ್ಯಾಲಮ್ಮ ನವಿಲಿಗೆ ಹಾಕಲೆಂದು ಸೆರಗಿನ ತುದಿಯಲ್ಲಿ ಒಂದು ಹಿಡಿ ರಾಗಿ ಕಟ್ಟಿಕೊಂಡು ಬಂದಿದ್ದಳು. ಮೈಸೂರಲ್ಲಿ ಇಳಿದ ಕೂಡಲೇ ಮುನಿಯಲ್ಲಪ್ಪ ಜೊತೆಗಿದ್ದ ಇನ್ನೊಬ್ಬ ಡ್ರೈವರ್ ಆವಲಪ್ಪನ ಕೈ ಹಿಡಿದುಕೊಂಡ.

"ನೀನೇ ಇವರನ್ನ ಕರ್ಕೊಂಡು ಹೋಗಪ್ಪ. ನಾನು ಬಸ್ ನೋಡ್ಕೊತೀನಿ."

"ಲೇ, ನಿನ್ನ ಹೆಂಡ್ತಿ ಬಂದವ್ಳೆ. ನೀನು ಹೋಗು" ಎಂದು ಆವಲಪ್ಪ ಅವನ ಟವೆಲ್ ಕಿತ್ತುಕೊಂಡು ಸೀಟಿನ ಮೇಲೆ ಮಲಗಿಯೇಬಿಟ್ಟ.

ಮುನಿಯಲ್ಲಪ್ಪ ದೇವರ ಮೇಲೆ ಭಾರ ಹಾಕಿ ಮುಂದೆ ನಡೆದ. ಚಪ್ಪಲಿ ಹಾಕಿಕೊಂಡೇ ಅರಮನೆಯ ಮೆಟ್ಟಿಲ ಹತ್ತಿರ ಬಂದವನನ್ನು ಕಾವಲಿನವನು ತಡೆದು ವಾಪಸ್ ಕಳಿಸಿದ. ಚಪ್ಪಲಿ ಬಿಡಬೇಕೆಂಬ ಸಣ್ಣ ಸಂಗತಿಯನ್ನು ಇಪ್ಪತ್ತು ವರ್ಷದಲ್ಲಿ ಯಾವ ಪ್ರಯಾಣಿಕನೂ ಬಸ್ಸಿನಲ್ಲಿ ಆಡಿರಲಿಲ್ಲ. ಹೆಂಗಸರು ಮುಸಿಮುಸಿ ನಕ್ಕರು, ಎಲ್ಲಮ್ಮ ಹುಬ್ಬು ಗಂಟಿಕ್ಕಿದಳು. ಒಳಗೆ ಚಿನ್ನದ ಅಂಬಾರಿ ಹೇಳಿದ ಹಾಗೇ ಇತ್ತು. "ನೋಡಿ, ಹೇಳಿರಲಿಲ್ವಾ" ಎನ್ನುವಷ್ಟು ಧೈರ್ಯ ಅವನಿಗೆ ಬಂತು. ಆಮೇಲೆ ಕಲ್ಯಾಣ ಮಂಟಪಕ್ಕೆ ಬಂದರು.

"ನವಿಲೆಲ್ಲಪ್ಪಾ?" ಎಂದಳು ಮುತ್ಯಾಲಮ್ಮ. ಸೆರಗಿನ ಗಂಟು ಆಗಲೇ ಬಿಚ್ಚಿದ್ದಳು.

ಮುನಿಯಲ್ಲಪ್ಪ ಕಂಬಗಳ ಹಿಂದೆ ನೋಡಿದ, ಮೂಲೆಯಲ್ಲಿ ನೋಡಿದ. ಒಂದು ಪುಕ್ಕವೂ ಇಲ್ಲ. ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ದಿಕ್ಕು ತೋಚದೆ ದೇವರನ್ನು ನೆನೆಯಲು ಕತ್ತೆತ್ತಿದ. ನವಿಲುಗಳು ಮೇಲಿದ್ದವು. ಚಾವಣಿಯ ಬಣ್ಣದ ಗಾಜಿನಲ್ಲಿ ಗರಿ ಬಿಚ್ಚಿ ನಿಂತಿದ್ದವು. ಗಾಜಿನ ಮೂಲಕ ಬಿಸಿಲು ಹಸಿರಾಗಿ, ನೀಲಿಯಾಗಿ ಇಳಿಯುತ್ತಿತ್ತು. ಬಸ್ಸಿನಲ್ಲಿ ಅಷ್ಟು ಜನ ಅಷ್ಟು ಸಲ ಹೇಳಿದ್ದರೂ ಇಷ್ಟು ಚೆಂದವೆಂದು ಒಬ್ಬನೂ ಹೇಳಿರಲಿಲ್ಲ. ಅವನಿಗೆ ಗೈಡಿನ ವೇಷವೂ ಮರೆತುಹೋಯಿತು, ಮಾನ ಹೋಗುವ ಭಯವೂ ಮರೆತುಹೋಯಿತು. ಬಾಯಿ ತೆರೆದೇ ಇತ್ತು.

ಎಲ್ಲಮ್ಮ ಚಾವಣಿ ನೋಡಲಿಲ್ಲ, ಗಂಡನ ಮುಖವನ್ನೇ ನೋಡಿದಳು. ನೋಡಿ ಹತ್ತಿರ ಬಂದಳು.

"ಏನಯ್ಯಾ, ನೀನೂ ಇವತ್ತೇ ನೋಡ್ತಿರೋದು, ಅಲ್ವಾ?"

ಅವನು ಹೂಂ ಎಂದು ಗೋಣು ಆಡಿಸಿದ. ಇನ್ನು ಸಂಘದವರ ಮುಂದೆ ಮಂಗಳಾರತಿ ಗ್ಯಾರಂಟಿ ಎಂದು ತಲೆ ತಗ್ಗಿಸಿ ನಿಂತ.

ಎಲ್ಲಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಿದ್ದಂತೆಯೇ ಕಣ್ಣಲ್ಲಿ ನೀರೂ ಬಂತು. "ನನ್ನ ಬಿಟ್ಟು ನೀನೊಬ್ನೇ ಎಲ್ಲ ನೋಡ್ಬಿಟ್ಟೆ ಅಂತ ಇಷ್ಟು ವರ್ಷ ಹೊಟ್ಟೆ ಉರ್ಕೊಂಡಿದ್ದೆ ಕಣಯ್ಯಾ. ಒಂದು ಮಾತು ಹೇಳಬಾರದಿತ್ತಾ?"

"ಮೈದಾನದಲ್ಲಿ ಮಲಗಿದ್ದು ಬಂದೆ ಅಂತ ಹೆಂಗ್ ಹೇಳ್ಲಿ?"

ಮುತ್ಯಾಲಮ್ಮ ಕೈಯಲ್ಲಿ ರಾಗಿ ಹಿಡಿದುಕೊಂಡು, "ಮುಂದೇನೈತಪ್ಪಾ?" ಎಂದು ಕೂಗಿದಳು. ಎಲ್ಲಮ್ಮ ಗಂಡನಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ನೀವು ಜನದ ಜೊತೆ ಹೋಗ್ತಿರಿ ಅಕ್ಕಾ. ನಾವಿಬ್ರೂ ನಿಧಾನಕ್ಕೆ ನೋಡ್ಕೊಂಡು ಬರ್ತೀವಿ."

ಆಮೇಲೆ ಅವಳೂ ಮೊದಲ ಸಲ ಕತ್ತೆತ್ತಿದಳು. ಹಿಂದಿನಿಂದ ಬಂದವರು ತಳ್ಳಿದರೂ ಇಬ್ಬರೂ ಅಲ್ಲಾಡದೆ ನಿಂತಿದ್ದರು.