ಪುಟ್ಟತ್ತೆ ನೀರು ಕುಡಿಯುತ್ತಿರಲಿಲ್ಲ

ಯಾರಾದರೂ ಕೇಳದೆಯೇ ನನ್ನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಲು ಬಂದರೆ ನನಗೆ ಸಿಟ್ಟು ಬರುತ್ತದೆ. ಹಿಡಿಯದೆ ಮುಂದೆ ಹೋದರೆ ಇನ್ನೂ ಸಿಟ್ಟು. ಮಂಡಿ ನೋವಿನ ಮುದುಕನನ್ನು ಮೆಚ್ಚಿಸುವುದು ಬ್ರಹ್ಮನಿಗೂ ಕಷ್ಟ. ಬಾಯಿಬಿಟ್ಟು ನೆರವು ಕೇಳಲಾರದ ಈ ಸ್ವಭಾವ ನನಗೆ ಪುಟ್ಟತ್ತೆಯಿಂದ ಬಂದಿರಬೇಕು. ಆದರೆ ಆಕೆ ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ. ಆಗಿದ್ದರೆ ಇನ್ನಷ್ಟು ಕಾಲ ಬದುಕುತ್ತಿದ್ದಳೋ ಏನೋ.

ಪುಟ್ಟತ್ತೆ ನಮ್ಮಪ್ಪನ ತಂಗಿ. ಅದು ಮಹಾರಾಜರ ಕಾಲ. ನಮ್ಮ ಮನೆ ಮಧುಗಿರಿಯ ಅಂಚಿನಲ್ಲಿತ್ತು. ಅವಳನ್ನು ಬರಗೂರಿಗೆ ಕೊಟ್ಟಿದ್ದರು. ಅಲ್ಲಿ ಹೆರಿಗೆಯ ಬೆನ್ನಿಗೇ ಬಂದ ಜ್ವರ ಕೂಸನ್ನೂ ಅವಳ ಕಾಲುಗಳ ಶಕ್ತಿಯನ್ನೂ ಒಯ್ದಿತು. ಗಂಡನ ಮನೆಯವರು ಗಾಡಿಯಲ್ಲಿ ಕರೆತಂದು, ಅವಳನ್ನು ನಮ್ಮ ಜಗಲಿಯ ಮೇಲೆ ಇಳಿಸಿ, ಊಟ ಮಾಡಿಕೊಂಡು ಹೋದರು. ಮತ್ತೆ ಬರಲಿಲ್ಲ.

ನಡುಮನೆಯ ಮೂಲೆ ಅವಳದಾಯಿತು. ಅವರೆಕಾಯಿ ಸುಲಿಯುತ್ತಿದ್ದಳು, ರಾಗಿ ಕೇರುತ್ತಿದ್ದಳು, ನನ್ನ ತಲೆ ಬಾಚುತ್ತಿದ್ದಳು. ಕೈಯೂರಿ ತೆವಳಿಕೊಂಡು ಒಳಗೆಲ್ಲ ಓಡಾಡುತ್ತಿದ್ದಳು. ಆದರೆ ಹಿತ್ತಿಲ ಬಾಗಿಲಿನ ಹೊಸ್ತಿಲು ಮೊಣಕಾಲೆತ್ತರ. ಹಳೆಯ ಮನೆ ಕಟ್ಟಿದವರು ಮಳೆನೀರು, ಹಾವು, ಪಕ್ಕದ ಮನೆಯ ಮೇಕೆ ಎಲ್ಲವನ್ನೂ ನೆನೆದು ಹೊಸ್ತಿಲು ಇಡಿಸುತ್ತಿದ್ದರು. ಮನೆಮಗಳೇ ಒಂದು ದಿನ ತೆವಳಿಕೊಂಡು ಬಂದಾಳೆಂದು ಯಾರೂ ನೆನೆಯಲಿಲ್ಲ. ಒಂದಕ್ಕೆಂದು ಹಿತ್ತಿಲಿಗೆ ಹೋಗಬೇಕೆಂದರೂ ಅಮ್ಮ ಅವಳನ್ನು ಎತ್ತಿ ದಾಟಿಸಬೇಕು. ಅಮ್ಮ ಹಗಲೆಲ್ಲ ಹೊಲದಲ್ಲಿ. ಅಜ್ಜಿಗೆ ಎತ್ತುವ ತ್ರಾಣವಿಲ್ಲ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಪುಟ್ಟತ್ತೆಯ ಮುಖ ಊದಿಕೊಂಡಿತು, ಸೊಂಟದಲ್ಲಿ ತಡೆಯಲಾರದ ನೋವು. ಅಪ್ಪ ಬೆನ್ನ ಮೇಲೆ ಹೊತ್ತು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ. ಡಾಕ್ಟರು ಪರೀಕ್ಷಿಸಿ, "ಈಕೆ ನೀರೇ ಕುಡಿಯುವುದಿಲ್ಲವೇನಮ್ಮ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಮನೆಗೆ ಬಂದವಳೇ ಪುಟ್ಟತ್ತೆಯ ಮುಂದೆ ಕುಳಿತಳು.

"ಯಾಕಮ್ಮ, ನೀರ್ಗೂ ಬಡತನ್ವಾ ನಮ್ಮನೇಲಿ?"

ಪುಟ್ಟತ್ತೆ ಸೆರಗಿನ ಅಂಚು ಹೊಸೆಯುತ್ತ, "ಕುಡುದ್ರೆ ನಿನ್ನ ಕರೀಬೇಕಲ್ಲ ಅತ್ಗೆ. ನೀನು ಹೊಲದಿಂದ ಬಂದು ಆಗ್ತಾನೆ ಕುಂತಿರ್ತೀಯ" ಎಂದಳು.

ಅಮ್ಮ ಅಂದು ಅಡುಗೆ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಹೊಸ್ತಿಲು ಕುಯ್ಯಿಸುತ್ತೇನೆಂದು ನಿಂತಳು. ಅಜ್ಜಿ ಬಾಗಿಲಿಗೆ ಅಡ್ಡ ಬಂದಳು. "ಲಕ್ಷ್ಮಿ ಇರೋ ಜಾಗ ಕಣಮ್ಮ ಅದು!"

"ಲಕ್ಷ್ಮಿ ಹೆಂಗಾದ್ರೂ ದಾಟ್ಕತಾಳೆ ಅತ್ತೆ. ನಿಮ್ ಮಗಳು ದಾಟಾಕಾಗ್ತಿಲ್ಲ."

ಕೊನೆಗೆ ಅಪ್ಪ ಹೊಸ್ತಿಲನ್ನು ಮುಟ್ಟದೆ, ಅದರ ಒಳಗೂ ಹೊರಗೂ ಮಣ್ಣು ಸುರಿದು, ಕುಟ್ಟಿ, ಇಳಿಜಾರು ಮಾಡಿದ. ಅದನ್ನು ಸಾರಿಸಿದವಳು ಅಜ್ಜಿಯೇ. ಸಾರಿಸುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಮಣ್ಣು ಒಣಗಿದ ದಿನ ಪುಟ್ಟತ್ತೆ ಗೋಣಿತಟ್ಟಿನ ಮೇಲೆ ಕುಳಿತು, ಕೈಯೂರಿ, ತಾನೇ ಆಚೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಗಾಬರಿಯಾಗಿ ಅಮ್ಮ ಓಡಿದಳು, ಹಿಂದೆ ನಾನೂ ಓಡಿದೆ. ಅವಳು ಬದನೆ ಗಿಡದ ಪಕ್ಕ ಕುಳಿತಿದ್ದಳು.

"ಏನಾತಮ್ಮ?"

"ಏನಿಲ್ಲ ಅತ್ಗೆ, ಸುಮ್ನೆ ಕುಂತಿದೀನಿ. ಇವತ್ತು ಯಾರೂ ನಂಗೋಸ್ಕರ ಕಾಯ್ತಾ ಇಲ್ವಲ್ಲ."

ಆ ಬೇಸಿಗೆಯಲ್ಲಿ ನಕ್ಕಷ್ಟು ಅವಳು ಹಿಂದೆಂದೂ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆದರೆ ಒಳಗಿನ ಕೇಡು ಆಗಲೇ ಮಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕೈಗಳೂ ಸೋತವು. ಇಳಿಜಾರು ಇತ್ತು, ಇಳಿಯಲು ಅವಳಿಗೆ ಬಲವಿರಲಿಲ್ಲ. ನೆರವು ಎಂಬುದು ಬಂದರೂ ಎಷ್ಟೋ ಸಲ ಹೀಗೆ ತಡವಾಗಿ, ಬೆವರೊರೆಸಿಕೊಂಡು ಬರುತ್ತದೆ.

ತೀರಿಕೊಳ್ಳುವುದಕ್ಕೆ ಸ್ವಲ್ಪ ದಿನ ಮುಂಚೆ, ಒಂದು ಬೆಳಿಗ್ಗೆ, ಯಾವತ್ತೂ ಏನನ್ನೂ ಕೇಳದವಳು ಬಾಯಿಬಿಟ್ಟು ಕೇಳಿದಳು: "ಅತ್ಗೆ, ನನ್ನೊಸಿ ಎತ್ಕಂಡೋಗು. ಬಿಸ್ಲಿಗೆ ಹೋಗ್ಬೇಕು ಅನ್ನುಸ್ತೈತೆ."

ಅಮ್ಮ ಕೈಯಲ್ಲಿದ್ದ ಪೊರಕೆ ಬಿಟ್ಟು ಬಂದು, ಕೂಸನ್ನು ಎತ್ತಿದಂತೆ ಎತ್ತಿಕೊಂಡಳು. ಹಿತ್ತಿಲ ನಡುವೆ ನಿಂತು, "ಇಳಿಸ್ಲಾ?" ಎಂದಳು.

ಪುಟ್ಟತ್ತೆ ಅವಳ ಹೆಗಲಿಗೆ ತಲೆಯಾನಿಸಿ, "ಒಂದು ಗಳಿಗೆ ಇಂಗೇ ಇರ್ಲಿ, ನಿಂಗೆ ಭಾರ ಆಗ್ದಿದ್ರೆ" ಎಂದಳು.

"ಇಲ್ಲ ಕಣಮ್ಮ" ಎಂದಳು ಅಮ್ಮ, ಮತ್ತು ಬಿಸಿಲು ಏರುವವರೆಗೂ ಹಾಗೇ ನಿಂತಿದ್ದಳು.